ಶಾಲೆಯ ಗೇಟಿನ ಮುಂದಿನ ರಸ್ತೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಬೆಂಗಳೂರಿನ ಯಾವುದೇ ಬಡಾವಣೆಯ ಶಾಲೆಯ ಮುಂದೆ ಬೆಳಗ್ಗೆ ಗಂಟೆ ಹೊಡೆಯುವ ಮೊದಲು ನಿಂತು ನೋಡಿ. ಅಲ್ಲಿರುವುದು ಹೆಚ್ಚಾಗಿ ಅಪ್ಪ ಅಮ್ಮಂದಿರ ಕಾರು, ಸ್ಕೂಟರು. ಮಗುವನ್ನು ಯಾಕೆ ಕಾರಲ್ಲಿ ಬಿಡ್ತೀರಿ ಅಂತ ಕೇಳಿದರೆ, 'ಅಷ್ಟೊಂದು ಗಾಡಿ ಇರೋ ಕಡೆ ಹೇಗೆ ನಡೆಸೋದು ಸಾರ್' ಅನ್ನುತ್ತಾರೆ. ಅಷ್ಟೊಂದು ಗಾಡಿಯಲ್ಲಿ ಅವರದ್ದೂ ಒಂದು! ಬೇಲಿಯೇ ಹೊಲ ಮೇಯುವುದು ಅಂದರೆ ಇದೇ ಅಲ್ವಾ?

ಹಾಗಾಗಿ ಮೊದಲ ಕೆಲಸಕ್ಕೆ ಪಾಲಿಕೆಯ ದುಡ್ಡು ಬೇಡ. ಎರಡು ಕ್ರಾಸ್ ಹಿಂದೆಯೇ ಗಾಡಿ ನಿಲ್ಲಿಸಿ, ಅಲ್ಲಿಂದ ಮಗುವಿನ ಜೊತೆ ನಡೆದು ಬನ್ನಿ. ಅದು ರೂಢಿಯಾದ ಮೇಲೆ ಟ್ರಾಫಿಕ್ ಪೊಲೀಸರನ್ನು ಕೇಳೋಣ: ಶಾಲೆ ಶುರುವಾಗುವಾಗ, ಬಿಡುವಾಗ ಅರ್ಧರ್ಧ ಗಂಟೆ ಗೇಟಿನ ಮುಂದೆ ಗಾಡಿ ಬಿಡಬೇಡಿ ಅಂತ. ಅಲ್ಲೇ ಮನೆ ಇರುವವರಿಗೆ, ಆಂಬುಲೆನ್ಸ್‌ಗೆ, ನಡೆಯಲಾಗದ ಮಕ್ಕಳನ್ನು ತರುವ ಗಾಡಿಗೆ ದಾರಿ ಇರಲಿ. ಪ್ಯಾರಿಸ್‌ನಲ್ಲಿ 2020ರಿಂದ ಈಚೆಗೆ ಇನ್ನೂರಕ್ಕೂ ಹೆಚ್ಚು ಶಾಲೆಗಳ ಮುಂದೆ ಗಾಡಿ ಓಡಾಟ ತಡೆದಿದ್ದಾರೆ. 'ಅದು ಫಾರಿನ್' ಅನ್ನಬೇಡಿ. ನಮ್ಮ ಚರ್ಚ್ ಸ್ಟ್ರೀಟ್‌ನಲ್ಲೇ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯ ಗಾಡಿ ಬಿಡಲಿಲ್ಲ. ಪೇಟೆ ಬೀದಿಯಲ್ಲಿ ಆಗಿದ್ದು ನಮ್ಮ ಕ್ರಾಸ್‌ನಲ್ಲಿ ಆಗಲ್ವಾ?

ಇನ್ನು ವೇಗ. ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 30 ಕಿ.ಮೀ. ವೇಗದ ಕಾರಿಗೆ ಮಗು ಅಡ್ಡ ಬಂತು ಅನ್ನಿ. ನೋಡಿ ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿದರೆ, ಅಷ್ಟರಲ್ಲಿ ಕಾರು 8 ಮೀಟರ್ ಬಂದಿರುತ್ತದೆ. ಬ್ರೇಕ್, ರಸ್ತೆ ಎರಡೂ ಚೆನ್ನಾಗಿದ್ದರೆ ಇನ್ನು ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 13. ಅದೇ ಕಾರು 50ರಲ್ಲಿದ್ದರೆ? ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಮುಗಿದಿರುತ್ತದೆ. ಮೊದಲನೆಯದು ನಿಂತಿರುವ ಜಾಗದಲ್ಲಿ ಎರಡನೆಯದು ಇನ್ನೂ ಬ್ರೇಕನ್ನೇ ಹಿಡಿದಿರುವುದಿಲ್ಲ. ಮಗುವಿಗೆ 'ನೋಡಿಕೊಂಡು ಹೋಗು' ಅಂತ ಎಷ್ಟು ಹೇಳಿದರೂ ಈ ಲೆಕ್ಕ ಬದಲಾಗಲ್ಲ.

ಹಂಪ್ಸ್ ಹಾಕಿಸೋಣ ಅನ್ನುತ್ತೀರಿ. ಸರಿ, ಆದರೆ ಎಂಥದ್ದು? ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್, ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಅದನ್ನು ಆರಾಮಾಗಿ ದಾಟಬಹುದು. ನಮ್ಮಲ್ಲಿ ರಾತ್ರೋರಾತ್ರಿ ಬೀಳುವುದು ಬಣ್ಣವಿಲ್ಲದ, ಸೊಂಟ ಮುರಿಯುವ ದಿಬ್ಬ. ಅದೂ ಮೋರಿಯ ಪಕ್ಕ ಒಂದಿಷ್ಟು ಜಾಗ ಬಿಟ್ಟು. ಬೈಕಿನವರೆಲ್ಲ ಆ ಸಂದಿಯಲ್ಲೇ ನುಗ್ಗುತ್ತಾರೆ. ಮಕ್ಕಳು ನಡೆಯುವುದೂ ಅಲ್ಲೇ. ಅದಕ್ಕಿಂತ, ಗೇಟಿನ ಎದುರು ಜನ ದಾಟುವ ಜಾಗವನ್ನೇ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದರೆ ಒಳ್ಳೆಯದು. ಮಗು ಇಳಿಯಬೇಕಿಲ್ಲ, ಕಾರೇ ಹತ್ತಿ ಇಳಿಯಲಿ.

ಅಡ್ಡರಸ್ತೆ ಸೇರುವ ಮೂಲೆಗಳನ್ನೂ ಮರೆಯಬೇಡಿ. ಅಲ್ಲಿ ದೊಡ್ಡ ಕಾರು ನಿಂತರೆ ಒಂದನೇ ಕ್ಲಾಸಿನ ಮಗು ಅದರ ಹಿಂದೆ ಕಾಣುವುದೇ ಇಲ್ಲ. ಮೂಲೆಯಲ್ಲಿ ಕಾರು ನಿಲ್ಲದಂತೆ ಗಿಡ್ಡ ಕಂಬ ನೆಟ್ಟರೆ ತಿರುವೂ ಕಿರಿದಾಗುತ್ತದೆ, ಗಾಡಿ ತಾನಾಗೇ ನಿಧಾನವಾಗುತ್ತದೆ.

ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಇರಬೇಕು ಅಂತ ಮಾನದಂಡವಿದೆ. ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್, ಎದ್ದ ಚಪ್ಪಡಿ, ಮನೆಯ ರ‍್ಯಾಂಪು. ಆಮೇಲೆ ಕಬ್ಬಿಣದ ಬೇಲಿ ಹಾಕಿದ ಪುಟ್ಟ ಗಾರ್ಡನ್. ಇಲ್ಲಿ ಕೂತವರಲ್ಲೂ ಕೆಲವರದ್ದಿದೆ, ಹೆಸರು ಹೇಳಲ್ಲ.

ಸೈಕಲ್ ಬಗ್ಗೆ ಒಂದೇ ಮಾತು. ಮನೆಯಿಂದ ಒಂದೆರಡು ಕಿ.ಮೀ. ದೂರದ ಹೈಸ್ಕೂಲಿಗೆ ಹುಡುಗರು ಸ್ಕೂಟಿ ಯಾಕೆ ಕೇಳುತ್ತಾರೆ? ಸೈಕಲ್ ತುಳಿಯೋಕೆ ಅವರಿಗೂ ಭಯ, ನಿಮಗೂ ಭಯ. ಲೈಸೆನ್ಸ್ ಇಲ್ಲದ ವಯಸ್ಸಲ್ಲಿ ಗಾಡಿ ಕೊಟ್ಟರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೇ 25,000 ರೂಪಾಯಿ ದಂಡ, ಜೈಲೂ ಇದೆ. ಗಾಡಿಗಳು ನಿಧಾನವಾದ ಒಳರಸ್ತೆಯಲ್ಲಿ ಸೈಕಲ್‌ಗೆ ಬೇರೆ ಲೇನ್ ಬೇಕಾಗಿಲ್ಲ. ಶಾಲೆಯೊಳಗೆ ನೆರಳಿರುವ ಸ್ಟ್ಯಾಂಡ್ ಇದ್ದರೆ ಸಾಕು.

ಹಿಂದಿನ ಟೇಬಲ್ ಮೇಲೆ ಬಡಾವಣೆಯ ನಕ್ಷೆ ಇದೆ, ಕೆಂಪು ಪೆನ್ನೂ ಇದೆ. ನಿಮ್ಮ ಮಗು ಎಲ್ಲಿ ರಸ್ತೆ ದಾಟುತ್ತದೋ ಅಲ್ಲಿ ಗುರುತು ಹಾಕಿ. ಗೊತ್ತಿಲ್ಲದಿದ್ದರೆ ಮಗುವನ್ನೇ ಕೇಳಿ ಹಾಕಿ. ಆ ನಕ್ಷೆ ಹಿಡಿದೇ ವಾರ್ಡ್ ಇಂಜಿನಿಯರ್ ಹತ್ತಿರ ಹೋಗೋಣ.