ವೀಸಾ ಒಳಗೆ ಹೋಗಲು, ಐ-20 ಅಲ್ಲಿ ಉಳಿಯಲು

ಮಂಗಳೂರು ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ಓದುತ್ತಿರುವ, ಇಲ್ಲವೇ ಹೊರಟು ನಿಂತಿರುವ ಮಕ್ಕಳ ಅಪ್ಪ ಅಮ್ಮಂದಿರೇ, ಇವತ್ತು ನನ್ನ ಮಾತು ನಿಮ್ಮ ಜೊತೆ.

ನಮ್ಮಲ್ಲಿ ಎಲ್ಲರ ಚಿಂತೆ ವೀಸಾದ್ದೇ. ಚೆನ್ನೈಗೋ ಹೈದರಾಬಾದಿಗೋ ಹೋಗಿ ಇಂಟರ್‌ವ್ಯೂ ಮುಗಿಸಿ, ಪಾಸ್‌ಪೋರ್ಟಿಗೆ ಎಫ್-1, ಅಂದರೆ ಓದಲು ಹೋಗುವವರ ವೀಸಾ ಬಿತ್ತು ಅಂದರೆ ಮನೆಯಲ್ಲಿ ಪಾಯಸ. ಸಂತೋಷ. ಆದರೆ ಆ ವೀಸಾದ ಕೆಲಸ ಏನು ಗೊತ್ತಾ? ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಿಂತು ಒಳಗೆ ಬಿಡಿ ಎಂದು ಕೇಳುವುದು. ಅಷ್ಟೇ. ಒಳಗೆ ಹೋದ ಮೇಲೆ ಓದುವ ಮಕ್ಕಳು ಕಾನೂನಿನ ಪ್ರಕಾರ ಅಲ್ಲಿರಲು ಬೇಕಾದ ಕಾಗದ ಬೇರೆ. ಅದು ಐ-20. ಕೊಡುವುದು ಅಲ್ಲಿನ ಕಾಲೇಜು. ಯಾವ ಕೋರ್ಸು, ಯಾವಾಗ ಶುರು, ಯಾವಾಗ ಮುಗಿಯುತ್ತದೆ, ಖರ್ಚಿನ ದುಡ್ಡು ಎಲ್ಲಿಂದ, ಎಲ್ಲ ಅದರಲ್ಲಿರುತ್ತದೆ. ಮುಗಿಯುವ ತಾರೀಕು ಇದೆಯಲ್ಲ, ಅದನ್ನು ನೋಡಿ. ದಯವಿಟ್ಟು ನೋಡಿ.

ಸುರತ್ಕಲ್‌ನ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಎಂಎಸ್ ಓದಲು ಹೋಗಿದ್ದ. ಪ್ರಯೋಗಾಲಯದ ಯಂತ್ರ ಕೆಟ್ಟು ಅವನ ಸಂಶೋಧನೆ ನಿಂತುಹೋಯಿತು. ಮೇ ತಿಂಗಳಲ್ಲಿ ಮುಗಿಯಬೇಕಾದ ಓದು ಡಿಸೆಂಬರಿಗೆ ಹೋಯಿತು. ಹುಡುಗನಿಗೆ ಏನೂ ಗಾಬರಿಯಿಲ್ಲ. ವೀಸಾ 5 ವರ್ಷದ್ದು, ಇನ್ನೂ ಬೇಕಾದಷ್ಟು ಸಮಯವಿದೆ ಎಂದು ಆರಾಮಾಗಿದ್ದ. ಅವನ ಅಮ್ಮ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಗನ ಕಾಗದಗಳ ಜೆರಾಕ್ಸನ್ನೆಲ್ಲ ಫೈಲ್ ಮಾಡಿ ಕಪಾಟಿನಲ್ಲಿಟ್ಟಿದ್ದರು. ಒಂದು ದಿನ ಫೋನಿನಲ್ಲಿ ಕೇಳಿದರು: "ಡಿಸೆಂಬರ್ ಅಂತಿಯಲ್ಲ ಮಗಾ, ಈ ಕಾಗದದಲ್ಲಿ ಮೇ ಅಂತ ಉಂಟಲ್ಲ?" ಆಗ ಎದ್ದ ನೋಡಿ ಅವನು! ಐ-20ರ ಅವಧಿ ಮುಗಿಯಲು ಇನ್ನು ಕೆಲವೇ ವಾರ. ಗೈಡ್ ಹತ್ತಿರ ಪತ್ರ ಬರೆಸಿದ. ಖರ್ಚಿಗೆ ದುಡ್ಡಿದೆ ಎಂದು ತೋರಿಸಲು ಅಪ್ಪ ಇಲ್ಲಿ ಬ್ಯಾಂಕಿಗೆ ಓಡಿದರು. ಕಾಲೇಜಿನವರು ಹೊಸ ತಾರೀಕು ಹಾಕಿ ಬೇರೆ ಐ-20 ಕೊಟ್ಟರು. ಮೇ ದಾಟಿದ್ದರೆ ಆ ದಾರಿಯೇ ಇರಲಿಲ್ಲ. ವೀಸಾ ಇದ್ದೂ ಅವನ ಸ್ಟೇಟಸ್, ಅಂದರೆ ಕಾನೂನಿನ ಪ್ರಕಾರ ಅಲ್ಲಿ ವಿದ್ಯಾರ್ಥಿಯಾಗಿ ಇರುವ ಹಕ್ಕು, ಹೋಗುತ್ತಿತ್ತು. ವಿಸ್ತರಣೆ ಆಗಬೇಕಾದದ್ದು ತಾರೀಕಿಗೆ ಮೊದಲು. ಓದು ಮುಗಿಸಿದವರಿಗೆ ಹೊರಡುವ ತಯಾರಿಗೆಂದು ಸಿಗುವ 60 ದಿನವನ್ನು ಇದಕ್ಕೆ ನಂಬಿ ಕೂರಬೇಡಿ.

ಆ ಅಮ್ಮನಿಗೆ ಅಮೆರಿಕದ ಕಾನೂನು ಗೊತ್ತಿರಲಿಲ್ಲ. ಕಾಗದ ಓದುವ ಅಭ್ಯಾಸವಿತ್ತು. ನಿಮ್ಮ ಮನೆಯಲ್ಲೂ ಐ-20ರ ಒಂದು ಪ್ರತಿ ಇರಲಿ.

ಇನ್ನೊಂದು. ಏನೇ ಸಂಶಯ ಬಂದರೂ ಮಕ್ಕಳು ಕೇಳುವುದು ರೂಮ್‌ಮೇಟನ್ನು, ನೀವು ಕೇಳುವುದು ಏಜೆಂಟರನ್ನು. ಯಾಕೆ ಹೀಗೆ? ಐ-20 ಕೊಡುವ ಪ್ರತಿ ಕಾಲೇಜಿನಲ್ಲೂ ಡಿಎಸ್‌ಒ ಎಂಬ ಅಧಿಕಾರಿ ಇದಕ್ಕೆಂದೇ ಇರುತ್ತಾರೆ. ಐ-20ಗೆ ಸಹಿ ಹಾಕುವವರೇ ಅವರು. ಅವರನ್ನು ಕೇಳಲು ಹೇಳಿ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ವಿಮಾನ ಇಳಿದ ಮೇಲೆ ಐ-94, ಅಂದರೆ ಅಮೆರಿಕದೊಳಗೆ ಬಂದದ್ದರ ದಾಖಲೆಯನ್ನು ಸರ್ಕಾರದ ವೆಬ್‌ಸೈಟಿನಿಂದ ತೆಗೆದುಕೊಳ್ಳಬೇಕು. ಅದು ಉಚಿತ, ಸುಮ್ನೆ ಯಾರಿಗೂ ದುಡ್ಡು ಕೊಡಬೇಡಿ. ಹೆಸರು, ಎಫ್-1 ಸರಿಯಾಗಿದೆಯಾ ನೋಡಬೇಕು. ಮನೆ ಬದಲಾಯಿಸಿದರೆ 10 ದಿನದೊಳಗೆ ಕಾಲೇಜಿಗೆ ತಿಳಿಸಬೇಕು. ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ, ಅದಕ್ಕಿಂತ ಜಾಸ್ತಿ ಇಲ್ಲ. ಅನುಮತಿಯಿಲ್ಲದೆ ಹೊರಗಿನ ಅಂಗಡಿ, ಪೆಟ್ರೋಲ್ ಬಂಕಿನಲ್ಲಿ ದುಡಿಯುವುದು ಬೇಡವೇ ಬೇಡ.

ಮದುವೆಗೋ ಕೋಲಕ್ಕೋ ಮಕ್ಕಳನ್ನು ಊರಿಗೆ ಕರೆಸುತ್ತೀರಲ್ಲ, ಟಿಕೆಟ್ ಮಾಡುವ ಮೊದಲು ಐ-20ರಲ್ಲಿ ವಾಪಸ್ ಒಳಗೆ ಹೋಗಲು ಬೇಕಾದ ಡಿಎಸ್‌ಒ ಅವರ ಪ್ರಯಾಣದ ಸಹಿ ಇದೆಯಾ ಕೇಳಿ. ಓದುತ್ತಿರುವವರಿಗೆ ಅದು ಒಂದು ವರ್ಷ ನಡೆಯುತ್ತದೆ. ವಾಪಸ್ ಹೋಗುವಾಗ ಆ ಐ-20 ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಅಲ್ಲ. ನಮಸ್ಕಾರ.