ರೇಡಿಯೇಟರಿನ ತೂತಿಗೆ ಅರಿಶಿನ

ಕೇಳುಗರಿಗೆ ನಮಸ್ಕಾರ.

ಚಾರ್ಮಾಡಿ ಘಾಟಿ ಹತ್ತಿ ಬಂದವರಿಗೆಲ್ಲ ಕೊಟ್ಟಿಗೆಹಾರ ಗೊತ್ತು. ಘಾಟಿ ಮುಗಿದು ಉಸಿರು ಬಿಡುವ ಜಾಗ ಅದು. ನೀರು ದೋಸೆ ತಿನ್ನಲು ಎಲ್ಲರೂ ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಕೆಲವು ವರ್ಷಗಳ ಹಿಂದೆ, ಒಂದು ಏಪ್ರಿಲ್ ಮಧ್ಯಾಹ್ನ, ನಾನು ಕೊಟ್ಟಿಗೆಹಾರ ಸಿಗುವ ಮೊದಲೇ ಗಾಡಿ ನಿಲ್ಲಿಸಬೇಕಾಯಿತು. ಧರ್ಮಸ್ಥಳದಿಂದ ಹಾಸನಕ್ಕೆ ವಾಪಸು ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ನಮ್ಮ ಅಕ್ಕ ಮತ್ತು ಅವರ ಮೊಮ್ಮಗಳು. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಬಾನೆಟ್ ಅಂಚಿನಿಂದ ಹಬೆ. ಜೊತೆಗೆ ಒಂಥರಾ ಸಿಹಿ ವಾಸನೆ.

ಐಟಿಐಯಲ್ಲಿ ಹುಡುಗರಿಗೆ ಮೋಟಾರ್ ಮೆಕ್ಯಾನಿಕ್ ಪಾಠ ಹೇಳಿದವನು ನಾನು. ಆ ವಾಸನೆ ಏನು ಎಂದು ತಕ್ಷಣ ಗೊತ್ತಾಯಿತು. ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡಲು ನೀರಿಗೆ ಬೆರೆಸುವ ದ್ರವ, ಸೋರುತ್ತಿತ್ತು. ಬಾನೆಟ್ ತೆರೆದಿಟ್ಟು ಮುಕ್ಕಾಲು ಗಂಟೆ ಕಾದೆವು. ರೇಡಿಯೇಟರ್ ಮುಚ್ಚಳ ಬಿಸಿಯಿರುವಾಗ ತೆರೆಯಲೇಬಾರದು. ಒಳಗೆ ಒತ್ತಡದಲ್ಲಿ ಅದುಮಿಟ್ಟ ಕುದಿನೀರು ಇರುತ್ತದೆ. ಮುಚ್ಚಳ ತಿರುಗಿಸಿದ ಕೂಡಲೇ ಅದು ಮುಖಕ್ಕೇ ಚಿಮ್ಮುತ್ತದೆ. ಹಾಗೆ ಕೈ, ಕೆನ್ನೆ ಸುಟ್ಟುಕೊಂಡ ಹುಡುಗರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಷ್ಟರಲ್ಲಿ ಯಾವುದೋ ಕಾಫಿ ತೋಟದ ಜೀಪು ಬಂತು. ಚಾಲಕ ಇಳಿದು ಬಗ್ಗಿ ನೋಡಿದ. "ಸಾರ್, ರೇಡಿಯೇಟರ್ ಕೆಳಗಡೆ ಸೂಜಿಮೊನೆಯಷ್ಟು ಬಿಟ್ಟಿದೆ. ಇರಿ, ಮನೆಗೆ ಅಂತ ಸಾಮಾನು ತಗೊಂಡಿದ್ದೆ" ಎಂದು ತನ್ನ ಕೈಚೀಲದಿಂದ ಅರಿಶಿನ ಪುಡಿ ಪೊಟ್ಟಣ ತೆಗೆದ. ಅಕ್ಕ ಗಾಬರಿಯಾಗಿ, "ಏನಪ್ಪಾ, ಎಂಜಿನ್‌ಗೆ ಅರಿಶಿನ ಹಾಕ್ತೀಯಾ?" ಎಂದರು. "ಗಾಯಕ್ಕೆ ಹಾಕಲ್ವಾ ಅಮ್ಮ, ಹಾಗೇ ಇದು" ಎಂದ. ಎರಡು ಚಮಚದಷ್ಟು ಪುಡಿಯನ್ನು ನೀರಿನಲ್ಲಿ ಕದಡಿ ಸುರಿದೆವು. ಎಂಜಿನ್ ಚಾಲೂ ಮಾಡಿ ಹದಿನೈದು ನಿಮಿಷ ಬಿಟ್ಟೆವು. ತೊಟ್ಟಿಕ್ಕುವುದು ನಿಂತಿತು. ಮೂಡಿಗೆರೆ, ಬೇಲೂರು ದಾಟಿ ಸಂಜೆ ಹೊತ್ತಿಗೆ ಹಾಸನ ಸೇರಿದೆವು.

ಆ ಪುಡಿ ಕೆಲಸ ಮಾಡಿದ್ದು ಹೇಗೆ? ಅರಿಶಿನದಲ್ಲಿ ಪಿಷ್ಟ ಮತ್ತು ನಾರು ಜಾಸ್ತಿ. ಅವು ನೀರಿನಲ್ಲಿ ಕರಗುವುದಿಲ್ಲ, ತೇಲಿಕೊಂಡು ಹರಿಯುತ್ತವೆ. ಬಿಸಿಗೆ ಪಿಷ್ಟ ಊದಿ ಅಂಟಾಗುತ್ತದೆ. ರಾಗಿ ಹಿಟ್ಟು ಕದಡಿ ಕಾಯಿಸಿದರೆ ಅಂಬಲಿ ಗಟ್ಟಿಯಾಗುವುದು ನೋಡಿದ್ದೀರಲ್ಲ, ಅದೇ ಗುಣ. ತೂತಿನ ಕಡೆಗೆ ನೀರು ನುಗ್ಗುವಾಗ ಈ ಕಣಗಳನ್ನೂ ಎಳೆದುಕೊಂಡು ಹೋಗುತ್ತದೆ. ಅವು ಅಲ್ಲಿ ಒಂದರ ಮೇಲೊಂದು ಸಿಕ್ಕಿಕೊಂಡು ಬಿರಡೆಯಾಗುತ್ತವೆ.

ಸೋರಿಕೆ ಮುಚ್ಚಲು ಅಂಗಡಿಯಲ್ಲಿ ಸಿಗುವ ಲೀಕ್ ಸ್ಟಾಪ್ ಬಾಟಲಿಗಳಲ್ಲಿ ಒಂದು ಜಾತಿಯದ್ದು ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ. ನಾರು, ಲೋಹದ ಪುಡಿ, ಸಣ್ಣ ಕಣಗಳು. ಹೊರದೇಶದ ಕೆಲವು ಹಳೇ ತಯಾರಿಕೆಗಳಲ್ಲಿ ಶುಂಠಿಯ ಪುಡಿಯನ್ನೇ ಉಂಡೆ ಮಾಡಿ ಹಾಕುತ್ತಿದ್ದರು. ಇದನ್ನು ತರಗತಿಯಲ್ಲಿ ಹೇಳಿದಾಗೆಲ್ಲ ಆಲೂರು, ಸಕಲೇಶಪುರದ ಕಡೆಯ ಶುಂಠಿ ಬೆಳೆಯುವ ಮನೆಯ ಹುಡುಗರು ನಂಬುತ್ತಲೇ ಇರಲಿಲ್ಲ. ಅವರಿಗೆ ನಾನು ನಾಟಿಲಸ್ ಕಥೆ ಹೇಳುತ್ತಿದ್ದೆ. ಅದು ಅಮೆರಿಕದ ಅಣುಶಕ್ತಿಯ ಜಲಾಂತರ್ಗಾಮಿ. 1958ರಲ್ಲಿ ಅದು ಉತ್ತರ ಧ್ರುವದ ಹಿಮದ ಅಡಿಯಲ್ಲಿ ಹೋಗಬೇಕಿತ್ತು. ಹಬೆಯನ್ನು ತಣಿಸಿ ನೀರಾಗಿಸುವ ಅದರ ಕಂಡೆನ್ಸರ್‌ನಲ್ಲಿ ಒಂದು ಸಣ್ಣ ಸೋರಿಕೆ. ಏನು ಮಾಡಿದರೂ ಜಾಗ ಸಿಗಲಿಲ್ಲ. ಕಡೆಗೆ ನಾವಿಕರು ಮಾಮೂಲಿ ಬಟ್ಟೆ ಹಾಕಿಕೊಂಡು ಸಿಯಾಟಲ್ ಊರಿನ ಅಂಗಡಿಗಳನ್ನು ಸುತ್ತಿ, ಕಾರಿನ ರೇಡಿಯೇಟರಿಗೆ ಹಾಕುವ ಲೀಕ್ ಸ್ಟಾಪ್ ಡಬ್ಬಗಳನ್ನು ಕೊಂಡು ತಂದು ಸುರಿದರು. ಸೋರಿಕೆ ನಿಂತಿತು. ಆಗಸ್ಟ್ 3ರಂದು ಆ ಜಲಾಂತರ್ಗಾಮಿ ಉತ್ತರ ಧ್ರುವವನ್ನು ಹಿಮದ ಅಡಿಯಿಂದಲೇ ದಾಟಿತು.

ಹಾಗಾಗಿ ಲೀಕ್ ಸ್ಟಾಪ್ ಬರೀ ಮೋಸ ಎನ್ನುವ ಮೆಕ್ಯಾನಿಕ್‌ಗಳ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಅದೊಂದನ್ನು ಹಾಕಿದರೆ ರಿಪೇರಿಯೇ ಬೇಡ ಎನ್ನುವ ಅಂಗಡಿಯವರ ಮಾತನ್ನೂ ಒಪ್ಪುವುದಿಲ್ಲ. ಯಾಕೆಂದರೆ ನಮ್ಮ ಕಾರಿನ ಕಥೆ ಹಾಸನ ಸೇರಿದ ಮೇಲೂ ಮುಂದುವರಿಯಿತು.

ಸೋರುವುದು ನಿಂತಿತ್ತಲ್ಲ, ನಾಳೆ ಮಾಡಿಸೋಣ, ಮುಂದಿನ ವಾರ ಮಾಡಿಸೋಣ ಎಂದು ತಳ್ಳಿದೆ. ಎರಡು ತಿಂಗಳು ಕಳೆಯಿತು. ಊರೊಳಗೆ ಓಡಾಡುವಾಗ ಏನೂ ತೊಂದರೆ ಇರಲಿಲ್ಲ. ಒಂದು ದಿನ ಚಿಕ್ಕಮಗಳೂರಿಗೆ ಹೋಗಿ ಕೈಮರ ದಾಟಿ ಗಿರಿಯ ರಸ್ತೆ ಹತ್ತುವಾಗ ಮುಳ್ಳು ಮತ್ತೆ ಮೇಲೆದ್ದಿತು. ಈ ಸಲ ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ಹಾಗೂ ಹೀಗೂ ನಿಲ್ಲಿಸಿ ನಿಲ್ಲಿಸಿ ವಾಪಸು ಬಂದೆ. ಹಾಸನದ ರೇಡಿಯೇಟರ್ ಅಂಗಡಿಯವರು ಬೆಂಕಿ ಹಿಡಿದು ಬೆಸುಗೆ ಕರಗಿಸಿ ಮೇಲಿನ ತೊಟ್ಟಿ ಬಿಚ್ಚಿದರು. ಒಳಗೆ ಹಳದಿ ರಾಡಿ. "ಮೇಷ್ಟ್ರೇ, ಮೂರರಲ್ಲಿ ಒಂದು ಪಾಲು ನಳಿಗೆ ಕಟ್ಟಿದೆ ನೋಡಿ" ಎಂದು ತೋರಿಸಿದರು.

ತೂತು ಯಾವುದು, ದಾರಿ ಯಾವುದು ಎಂದು ಪುಡಿಗೆ ಗೊತ್ತಿಲ್ಲ. ಎಲ್ಲಿ ಇಕ್ಕಟ್ಟು ಇದೆಯೋ ಅಲ್ಲಿ ಸೇರಿಕೊಳ್ಳುತ್ತದೆ. ರೇಡಿಯೇಟರಿನ ನಳಿಗೆಗಳು ಒಳಗೆ ಒಂದೆರಡು ಮಿಲಿಮೀಟರ್ ಅಗಲ ಅಷ್ಟೇ. ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರಿನ ನಳಿಗೆಗಳೂ ಸಣ್ಣವು. ಬಹಳ ವರ್ಷ ಬೋರ್‌ವೆಲ್ ನೀರು ಕುಡಿದ ಕಾರಾದರೆ ಒಳಗೆ ಮೊದಲೇ ಉಪ್ಪಿನ ಪದರ ಕಟ್ಟಿರುತ್ತದೆ. ನಮ್ಮ ಮನೆಯ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದಿಲ್ಲವೇ, ಹಾಗೆ. ಅದರ ಮೇಲೆ ಪುಡಿಯೂ ಕೂತರೆ ನೀರು ಹೋಗುವುದೆಲ್ಲಿಂದ?

ನಮ್ಮ ಕಡೆಯವರು ಇದನ್ನು ಇನ್ನೂ ಗಟ್ಟಿಯಾಗಿ ಯೋಚಿಸಬೇಕು. ನಾವು ಇರುವುದು ಎತ್ತರದಲ್ಲಿ. ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ, ಚಿಕ್ಕಮಗಳೂರು 1000 ಮೀಟರಿಗೂ ಮೇಲೆ. ಎತ್ತರ ಹೋದಂತೆ ನೀರು ಬೇಗ ಕುದಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಹಾಸನದಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಸುಮಾರು 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ 94ರ ಆಸುಪಾಸಿನಲ್ಲೇ ಕುದಿಯುತ್ತದೆ. ಎಂಜಿನ್ನಿನ ಕೂಲಂಟ್ ಮಾಮೂಲಿಯಾಗಿಯೇ 90 ಡಿಗ್ರಿ ಸುತ್ತಮುತ್ತ ಇರುತ್ತದೆ. ಮತ್ತೆ ಹೇಗೆ ಕುದಿಯದೆ ಉಳಿಯುತ್ತದೆ? ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು ಒಳಗೆ ಒತ್ತಡ ಹಿಡಿದಿಡುತ್ತದೆ. ಪ್ರೆಶರ್ ಕುಕ್ಕರಿನ ವಿಸಿಲ್ ಇದ್ದ ಹಾಗೆ. ಆ ಒತ್ತಡ, ಜೊತೆಗೆ ಸರಿಯಾಗಿ ಬೆರೆಸಿದ ಕೂಲಂಟ್, ಎರಡೂ ಇದ್ದರೆ 120 ಡಿಗ್ರಿ ಬಂದರೂ ಅದು ಕುದಿಯುವುದಿಲ್ಲ. ಸೂಜಿಮೊನೆಯ ತೂತಾದರೆ ಸೋರುವುದು ನೀರಷ್ಟೇ ಅಲ್ಲ, ಆ ಒತ್ತಡವೂ ಸೋರುತ್ತದೆ. ರೇಡಿಯೇಟರಿನ ಪಕ್ಕದ ಪ್ಲಾಸ್ಟಿಕ್ ಡಬ್ಬದಲ್ಲಿ ಇನ್ನೂ ನೀರಿದೆ ಎಂದು ಧೈರ್ಯವಾಗಿ ಘಾಟಿ ಹತ್ತಿದವರ ಗಾಡಿ ಕುದಿಯುವುದು ಇದಕ್ಕೇ.

ಹಾಗಾದರೆ ಮೊದಲು ಮಾಡಬೇಕಾದ್ದು ಏನು? ಸೋರುವ ಜಾಗ ಹುಡುಕುವುದು. ಬಾಟಲಿ ಆಮೇಲೆ. ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣ ನೋಡಿ. ಎಸಿಯಿಂದ ಬೀಳುವ ಹನಿ ಬರೀ ನೀರು, ಅದಕ್ಕೆ ಹೆದರಬೇಡಿ. ಹಸಿರೋ ಗುಲಾಬಿಯೋ ಇದ್ದು ಕೈಗೆ ಜಿಡ್ಡು ಎನಿಸಿದರೆ ಅದು ಕೂಲಂಟ್. ಒಣಗಿದ ಕಡೆ ಬಿಳಿ ಇಲ್ಲವೇ ಹಸಿರು ಪುಡಿಯ ಗೆರೆ ಉಳಿದಿರುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋದರೆ ಜಾಗ ಸಿಗುತ್ತದೆ. ಸಿಗದಿದ್ದರೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ಎಂಜಿನ್ ತಣ್ಣಗಿರುವಾಗಲೇ ಕೈಪಂಪಿನಿಂದ ಗಾಳಿ ತುಂಬಿ ನೋಡುತ್ತಾರೆ. ಹತ್ತು ನಿಮಿಷದ ಕೆಲಸ.

ಎಷ್ಟೋ ಸಲ ಸೋರುವುದು ರಬ್ಬರ್ ಹೋಸಿನ ಬಾಯಲ್ಲಿ. ಕ್ಲಿಪ್ ಬಿಗಿ ಮಾಡಿದರೆ, ಇಲ್ಲವೇ ಹೋಸ್ ಬದಲಾಯಿಸಿದರೆ ಮುಗಿಯಿತು. ಮುಚ್ಚಳದ ರಬ್ಬರ್ ಹೋಗಿದ್ದರೆ ಹೊಸ ಮುಚ್ಚಳ ಹಾಕಿ. ಇಂಥದ್ದಕ್ಕೆ ಯಾರೂ ಪುಡಿ ಸುರಿಯಬಾರದು. ಹೋಸು ಬಿಸಿಗೆ ಹಿಗ್ಗುತ್ತದೆ, ಕುಗ್ಗುತ್ತದೆ, ಅಲುಗಾಡುತ್ತದೆ. ಅಲ್ಲಿ ಯಾವ ಬಿರಡೆಯೂ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ರೇಡಿಯೇಟರಿಗೆ ಕೂರಿಸಿದ ಪ್ಲಾಸ್ಟಿಕ್ ತೊಟ್ಟಿ ಬಿರುಕು ಬಿಟ್ಟರೂ ಇದೇ ಕಥೆ. ವಾಟರ್ ಪಂಪಿನ ಕೆಳಗೆ ಕಂಪನಿಯವರು ಬೇಕೆಂದೇ ಬಿಟ್ಟ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದರೆ ಅಲ್ಲಿಂದ ನೀರು ಬಂದು ನಿಮಗೆ ಹೇಳುತ್ತದೆ. ಅದನ್ನು ಮುಚ್ಚಿದರೆ ನೀರು ಬೇರಿಂಗಿಗೆ ಹೋಗುತ್ತದೆ. ಪಂಪ್ ಬದಲಾಯಿಸಿ.

ಲೀಕ್ ಸ್ಟಾಪ್ ನಿಜವಾಗಿ ಕೆಲಸಕ್ಕೆ ಬರುವುದು ಲೋಹದಲ್ಲಿ ಬಿದ್ದ ಸೂಜಿತೂತಿಗೆ, ಕೂದಲೆಳೆಯ ಬಿರುಕಿಗೆ. ಇನ್ನೊಂದು, ಬಿಚ್ಚಲು ಡ್ಯಾಶ್‌ಬೋರ್ಡೇ ಕೀಳಬೇಕಾದ ಹೀಟರಿನ ಸಣ್ಣ ಸೋರಿಕೆಗೆ. ಕಾರಿನ ಬೆಲೆಗಿಂತ ರಿಪೇರಿಯೇ ದುಬಾರಿ ಎನ್ನುವ ಗಾಡಿ ಇರುತ್ತದೆ. ಅಂಥವರು ಆರು ತಿಂಗಳು ತಳ್ಳಲು ಅದನ್ನು ಬಳಸಿದರೆ ನಾನು ಬೇಡ ಎನ್ನುವುದಿಲ್ಲ.

ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರಿಸಿದ ತೆಳು ಹಾಳೆ, ಹೋದದ್ದು ಬೇರೆಯೇ ಕಾಯಿಲೆ. ಹೊರಗೆ ಹನಿಯೂ ಕಾಣುವುದಿಲ್ಲ, ಆದರೆ ಡಬ್ಬದಲ್ಲಿ ಕೂಲಂಟ್ ಇಳಿಯುತ್ತಲೇ ಇರುತ್ತದೆ. ಸೈಲೆನ್ಸರಿನಿಂದ ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ. ಆಯಿಲ್ ಅಳೆಯುವ ಕಡ್ಡಿ ಎಳೆದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣ. ಹೀಗಿದ್ದರೆ ಆ ಗಾಡಿ ಓಡಿಸಬೇಡಿ. ನೀರು ಬೆರೆತ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತದೆ. ಇದಕ್ಕೂ ಬಾಟಲಿ ಮಾರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಸಿಲಿಕೇಟ್, ಬಿಸಿ ತಗುಲಿದ ಕಡೆ ಗಾಜಿನಂತೆ ಗಟ್ಟಿಯಾಗುವ ದ್ರವ. ಇಂಥ ಬಾಟಲಿಗಳಲ್ಲಿ ಹೆಚ್ಚಿನವು ಕೂಲಂಟ್ ಜೊತೆ ಹೊಂದುವುದಿಲ್ಲ. ಕೂಲಂಟ್ ಪೂರ್ತಿ ತೆಗೆದು, ತೊಳೆದು, ಬರೀ ನೀರು ತುಂಬಿ ಹಾಕಬೇಕು. ಓದದೆ ಸುಮ್ನೆ ಸುರಿದರೆ ಒಳಗೆ ಲೋಳೆ ಕಟ್ಟುತ್ತದೆ. ಆಯಿಲ್‌ಗೆ ನೀರು ಸೇರಿದ ಎಂಜಿನ್‌ಗಂತೂ ಹೆಡ್ ಬಿಚ್ಚುವುದೇ ದಾರಿ.

ದಾರಿಯಲ್ಲಿ ಸಿಕ್ಕಿಬಿದ್ದು ಹಾಕಲೇಬೇಕಾದರೆ ಹೀಗೆ ಹಾಕಿ. ಎಂಜಿನ್ ಪೂರ್ತಿ ತಣ್ಣಗಾಗಲಿ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ತಳದಲ್ಲಿ ಗಸಿ ಕೂತಿರುತ್ತದೆ. ಮುಚ್ಚಳ ರೇಡಿಯೇಟರಿನ ಮೇಲೇ ಇರುವ ಹಳೇ ಗಾಡಿಗಳಲ್ಲಿ ಅಲ್ಲೇ ಸುರಿಯಿರಿ, ಪಕ್ಕದ ಪ್ಲಾಸ್ಟಿಕ್ ಡಬ್ಬಕ್ಕಲ್ಲ. ಡಬ್ಬಕ್ಕೆ ಹಾಕಿದ್ದು ಅಲ್ಲೇ ಕೂರುತ್ತದೆ, ಎಂಜಿನ್ ಸುತ್ತುವುದಿಲ್ಲ. ಹೀಟರನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿಟ್ಟು ಎಂಜಿನ್ ಚಾಲೂ ಮಾಡಿ. ಎಷ್ಟು ಹೊತ್ತು ಎಂದು ಬಾಟಲಿಯ ಮೇಲೆ ಬರೆದಿರುತ್ತದೆ. ಸಣ್ಣ ಕಾರಿಗೆ ದೊಡ್ಡ ಗಾಡಿಯ ಅಳತೆ ಹಾಕಬೇಡಿ. ಒಂದು ಬಾಟಲಿಗೆ ನಿಲ್ಲದ ಸೋರಿಕೆ ಎರಡನೆಯದಕ್ಕೂ ನಿಲ್ಲುವುದಿಲ್ಲ, ನಳಿಗೆ ಕಟ್ಟುತ್ತದೆ ಅಷ್ಟೇ. ಮುಳ್ಳಿನ ಮೇಲೆ ಕಣ್ಣಿಟ್ಟು ನಿಧಾನವಾಗಿ ಊರು ಸೇರಿ. ಸೇರಿದ ಮೇಲೆ ಒಳಗೆಲ್ಲ ತೊಳೆಸಿ, ಸರಿಯಾದ ರಿಪೇರಿ ಮಾಡಿಸಿ, ಡಿಸ್ಟಿಲ್ಡ್ ವಾಟರ್ ಬೆರೆಸಿ ಹೊಸ ಕೂಲಂಟ್ ತುಂಬಿಸಿ.

ಗ್ಯಾರೇಜಿನವರು "ಥರ್ಮೋಸ್ಟಾಟ್ ತೆಗೆದುಬಿಡೋಣ, ಹೀಟ್ ಆಗಲ್ಲ" ಎಂದರೆ ಬೇಡ ಎನ್ನಿ. ಎಂಜಿನ್ ಬಿಸಿಯಾಗುವ ತನಕ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ ಅದು. ಎಂಜಿನ್ ಬಿಸಿಯೇರುವುದು ತಡವಾಗಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸೋರಿಕೆ ಮಾತ್ರ ಹಾಗೇ ಇರುತ್ತದೆ.

ತೊಳೆದು ತೆಗೆದ ಹಳೇ ಕೂಲಂಟ್ ಬಗ್ಗೆ ಕೈಮುಗಿದು ಒಂದು ಮಾತು ಹೇಳುತ್ತೇನೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಆದರೆ ರುಚಿ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅಷ್ಟೇ ಅಪಾಯ. ಅದನ್ನು ಅಂಗಳದಲ್ಲಿ, ಚರಂಡಿಯಲ್ಲಿ, ತೋಟದ ಕಪಿಲೆ ಬಾವಿಯ ಹತ್ತಿರ ಚೆಲ್ಲಬೇಡಿ. ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ತುಂಬಿಡಲೇಬೇಡಿ. ಮುಚ್ಚಳ ಗಟ್ಟಿಯಿರುವ ಕ್ಯಾನಿನಲ್ಲಿ ತುಂಬಿ, ಮೇಲೆ ವಿಷ ಎಂದು ದಪ್ಪಗೆ ಬರೆದು ಗ್ಯಾರೇಜಿಗೆ ಕೊಡಿ. ನೆಲಕ್ಕೆ ಬಿದ್ದದ್ದರ ಮೇಲೆ ಮರಳು ಹಾಕಿ ಬಾಚಿ ತೆಗೆದು, ಆಮೇಲೆ ನೀರಿನಿಂದ ತೊಳೆಯಿರಿ. ನಾಯಿ ನೆಕ್ಕಿತು ಎಂದು ಅನುಮಾನ ಬಂದರೂ ಸಾಕು, ಕಾಯಬೇಡಿ, ಆ ಗಳಿಗೆಯೇ ಪಶುವೈದ್ಯರ ಬಳಿ ಓಡಿ.

ನಮ್ಮ ರೇಡಿಯೇಟರನ್ನು ಅಂಗಡಿಯವರು ಎರಡು ದಿನ ಇಟ್ಟುಕೊಂಡರು. ನಳಿಗೆಗಳಿಗೆ ಒಂದೊಂದಾಗಿ ತೆಳು ಸರಳು ಹಾಯಿಸಿ ಕಟ್ಟಿದ್ದನ್ನು ಬಿಡಿಸಿದರು. ಸೂಜಿತೂತಿಗೆ ಬೆಸುಗೆ ಹಾಕಿದರು. ತಾಮ್ರದ ಹಳೇ ರೇಡಿಯೇಟರ್ ಆದ್ದರಿಂದ ಅದು ಸಾಧ್ಯವಾಯಿತು. ಈಗಿನ ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿನವುಗಳನ್ನು ಹೆಚ್ಚಾಗಿ ಬದಲಾಯಿಸಬೇಕಾಗುತ್ತದೆ.

ಇನ್ನೊಂದೇ ಒಂದು ಮಾತಿದೆ. ನೀವು ಅರಿಶಿನವನ್ನೋ ಬಾಟಲಿಯನ್ನೋ ಯಾವತ್ತಾದರೂ ಹಾಕಿದರೆ, ಏನು ಹಾಕಿದಿರಿ, ಯಾವ ದಿನ ಹಾಕಿದಿರಿ ಎಂದು ಒಂದು ಚೀಟಿ ಬರೆದು ಸರ್ವಿಸ್ ಪುಸ್ತಕಕ್ಕೆ ಅಂಟಿಸಿ. ಮುಂದೆ ಆ ಗಾಡಿಯನ್ನು ನೋಡುವ ಮೆಕ್ಯಾನಿಕ್‌ಗೆ, ಕೊಂಡುಕೊಳ್ಳುವವರಿಗೆ ಅದು ಗೊತ್ತಿರಬೇಕು. ನಮ್ಮ ಕಾರಿನ ಪುಸ್ತಕದಲ್ಲಿ ಅಕ್ಕನ ಮೊಮ್ಮಗಳು ಬರೆದ ಚೀಟಿ ಇದೆ. "ಕೊಟ್ಟಿಗೆಹಾರ. ಅರಿಶಿನ, ಎರಡು ಚಮಚ." ಅದರ ಕೆಳಗೆ ತೊಳೆಸಿದ ದಿನಾಂಕವನ್ನು ನಾನು ಬರೆದಿದ್ದೇನೆ.

ನಮಸ್ಕಾರ.