ಅಕ್ಷರಕ್ಕೆ ಜಾಗ ಬಿಡಿ

ಎಲ್ಲರಿಗೂ ನಮಸ್ಕಾರ. ಬಡಾವಣೆಯ ಸಂಘದ ಕಾರ್ಯದರ್ಶಿಗಳು, ಶಾಲೆಯ ವಾರ್ಷಿಕೋತ್ಸವದ ಹೊಣೆ ಹೊತ್ತ ಶಿಕ್ಷಕರು, ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಮಾರುವ ಅಕ್ಕಂದಿರು, ನಿಮ್ಮನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾತನಾಡುತ್ತಿದ್ದೇನೆ. ಒಂದು ಪೋಸ್ಟರ್ ಬೇಕೆಂದರೆ ನೀವೀಗ ಯಾರನ್ನೂ ಕಾಯುವುದಿಲ್ಲ. ಫೋಟೊ ತೆಗೆಯುತ್ತೀರಿ, ಅದರ ಮೇಲೆ ಬರೆಯುತ್ತೀರಿ, ಗುಂಪಿಗೆ ಕಳುಹಿಸುತ್ತೀರಿ. ಸಂತೋಷ. ನಾನು ಮುದ್ರಣಾಲಯದಲ್ಲಿ ವಿನ್ಯಾಸದ ಕೆಲಸ ಮಾಡುವವಳು. ನೀವು ಮಾಡಿದ್ದನ್ನು ಅಚ್ಚು ಹಾಕಿಸಬೇಕೆಂದಾಗ ಅದು ಬಂದು ಬೀಳುವುದು ನನ್ನ ಮೇಜಿನ ಮೇಲೆ. ಹಾಗಾಗಿ ಇವತ್ತು ಒಂದೇ ಒಂದು ಮಾತು ಹೇಳುತ್ತೇನೆ, ಮತ್ತೆ ಮತ್ತೆ ಹೇಳುತ್ತೇನೆ: ಅಕ್ಷರಕ್ಕೆ ಜಾಗ ಬಿಡಿ.

ಮೊದಲು ಸಲಕರಣೆಯ ವಿಷಯ ಮುಗಿಸೋಣ. ದುಡ್ಡು ಕೊಡದೆ ಬಳಸಬಹುದಾದವು ಹಲವಾರಿವೆ, ನಾನು ಎರಡನ್ನು ಮಾತ್ರ ಹೇಳುತ್ತೇನೆ. ಒಂದು ಕ್ಯಾನ್ವಾ. 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು, ಮೊಬೈಲ್‌ನಲ್ಲೂ ಸಲೀಸಾಗಿ ನಡೆಯುತ್ತದೆ. ಕಿರೀಟದ ಗುರುತಿರುವ ಚಿತ್ರಗಳಿಗೆ ಹಣ ಕೇಳುತ್ತದೆ, ಅವನ್ನು ಮುಟ್ಟಬೇಡಿ. ಇನ್ನೊಂದು ಫೋಟೊಪಿಯಾ. ಇವಾನ್ ಕುಟ್ಸ್‌ಕಿರ್ ಎಂಬ ಒಬ್ಬ ಪ್ರೋಗ್ರಾಮರ್ ಕಟ್ಟಿದ್ದು. ಕಂಪ್ಯೂಟರ್‌ನಲ್ಲಿ ಬ್ರೌಸರ್ ತೆರೆದು ಹೆಸರು ಹುಡುಕಿದರೆ ಸಾಕು, ಖಾತೆ ಬೇಡ, ಇನ್‌ಸ್ಟಾಲ್ ಮಾಡುವುದೂ ಬೇಡ. ಪಕ್ಕದಲ್ಲಿ ಜಾಹೀರಾತು ಕಾಣಿಸುತ್ತದೆ, ಅಷ್ಟೇ. ನಿಮ್ಮ ಚಿತ್ರ ಯಾವುದೋ ದೂರದ ಕಂಪ್ಯೂಟರ್‌ಗೆ ಹೋಗುವುದಿಲ್ಲ, ಕೆಲಸವೆಲ್ಲ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ. ಯಾವುದು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಯಾವುದಾದರೂ ಸರಿ. ಅಕ್ಷರಕ್ಕೆ ಜಾಗ ಬಿಡದಿದ್ದರೆ ಎರಡೂ ಒಂದೇ.

ಇವೆರಡರಲ್ಲೂ ಚಿತ್ರ ಒಂದು ಪದರ, ಅಕ್ಷರ ಇನ್ನೊಂದು ಪದರ. ನಮ್ಮ ಮುದ್ರಣಾಲಯಗಳಲ್ಲಿ ಮೊದಲು ಅಕ್ಷರಗಳನ್ನು ಬಟರ್ ಪೇಪರ್ ಮೇಲೆ ಬೇರೆಯಾಗಿ ತೆಗೆಯುತ್ತಿದ್ದೆವಲ್ಲ, ಅದೇ ಕ್ರಮ. ಒಂದನ್ನು ಸರಿಸಿದರೆ ಇನ್ನೊಂದು ಕದಲುವುದಿಲ್ಲ. ಆದರೆ ಜೆಪಿಇಜಿ, ಅಂದರೆ ಸಾಮಾನ್ಯ ಫೋಟೊ ಕಡತ, ಆಗಿ ಉಳಿಸಿದ ಕ್ಷಣ ಎರಡೂ ಬೆಸೆದುಹೋಗುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಈಗ ಮೇಷ್ಟ್ರು ಬರುತ್ತಾರೆ.

ನಿವೃತ್ತ ಮುಖ್ಯೋಪಾಧ್ಯಾಯರು, ತಮ್ಮ ಬಡಾವಣೆಯ ಕನ್ನಡ ಸಂಘದ ಪ್ರಾಣ. ರಾಜ್ಯೋತ್ಸವಕ್ಕೆ ನಾಟಕ ಏರ್ಪಡಿಸಿ, ಪೋಸ್ಟರನ್ನು ಮೊಬೈಲ್‌ನಲ್ಲಿ ತಾವೇ ಮಾಡಿದ್ದರು. ಚಿತ್ರ ಹಂಪಿಯ ಕಲ್ಲಿನ ರಥ, ಅಂಚಿನಿಂದ ಅಂಚಿಗೆ. ವಿಠ್ಠಲ ದೇವಸ್ಥಾನದ ಆ ರಥದ ಮೈತುಂಬ ಕೆತ್ತನೆ, ನೆರಳು ಬೆಳಕು. ಆ ಕೆತ್ತನೆಯ ಮೇಲೆಯೇ ಕೆಂಪು ಅಕ್ಷರ. ಅಕ್ಷರ ಕಾಣಲಿಲ್ಲವೆಂದು ಸುತ್ತ ಹಳದಿ ಅಂಚು, ಆಗಲೂ ಕಾಣಲಿಲ್ಲವೆಂದು ಕಪ್ಪು ನೆರಳು. ಉದ್ಘಾಟಕರು, ಅಧ್ಯಕ್ಷರು, ಉಪಸ್ಥಿತರು, ಚಂದಾ ಕೊಟ್ಟವರು, ಎಲ್ಲರೂ ರಥ ಏರಿದ್ದರು. ಸಮಯವನ್ನು ಕನ್ನಡದ ಅಂಕಿಯಲ್ಲಿ ಹಾಕಿದ್ದರು, ಸಂಜೆ ೬.೩೦. ನಮ್ಮ ೬ಕ್ಕೂ ೯ಕ್ಕೂ ಬಾಲದ ತಿರುವಿನಲ್ಲಷ್ಟೇ ವ್ಯತ್ಯಾಸ. ಆ ಬಾಲ ರಥದ ಚಕ್ರದ ಕೆತ್ತನೆಯೊಳಗೆ ಕಳೆದುಹೋಗಿತ್ತು. ಪಕ್ಕದ ಬಡಾವಣೆಯ ಒಂದೆರಡು ಕುಟುಂಬಗಳು ಊಟ ಮುಗಿಸಿ, ಮಕ್ಕಳಿಗೆ ಸ್ವೆಟರ್ ಹಾಕಿ, ಒಂಬತ್ತು ಗಂಟೆ ದಾಟಿದ ಮೇಲೆ ಬಂದು ನೋಡಿದರೆ ಶಾಮಿಯಾನದವರು ಕುರ್ಚಿಗಳನ್ನು ಟೆಂಪೊಗೆ ತುಂಬುತ್ತಿದ್ದರು.

ಮರುವರ್ಷ ಮೇಷ್ಟ್ರು ಅದೇ ಪೋಸ್ಟರ್ ಹಿಡಿದು ನನ್ನ ಬಳಿ ಬಂದರು, ದಿನಾಂಕ ಬದಲಿಸಿ ಅಚ್ಚು ಹಾಕಿಕೊಡು ಎಂದು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದುದನ್ನು ನೋಡಿ, "ಏನಮ್ಮ, ರಥ ಚೆನ್ನಾಗಿಲ್ಲವೇ?" ಎಂದರು.

"ರಥ ಚೆನ್ನಾಗಿದೆ ಮೇಷ್ಟ್ರೇ, ಗಂಟೆ ಕಾಣಿಸುತ್ತಿಲ್ಲ" ಎಂದೆ.

ಅವರ ಜೇಬಿನಿಂದಲೇ ಐವತ್ತು ರೂಪಾಯಿಯ ಹೊಸ ನೋಟು ತೆಗೆಸಿದೆ. ನಿಮ್ಮ ಹತ್ತಿರವಿದ್ದರೆ ನೀವೂ ತೆಗೆಯಿರಿ. 2017ರಲ್ಲಿ ಬಂದ ನೀಲಿ ನೋಟು, ಹಿಂಬದಿಯಲ್ಲಿ ಅದೇ ಹಂಪಿಯ ರಥ. ಮೊತ್ತವನ್ನು 15 ಭಾಷೆಗಳಲ್ಲಿ ಬರೆದಿದ್ದಾರೆ, ಕನ್ನಡ ನಾಲ್ಕನೆಯ ಸಾಲು. ಎಲ್ಲಿ ಬರೆದಿದ್ದಾರೆ? ರಥದ ಚಕ್ರದ ಮೇಲಲ್ಲ, ಎಡಗಡೆ ಒಂದು ಪಟ್ಟಿಯಲ್ಲಿ. ಅಂಗೈಯಗಲದ ನೋಟಿನಲ್ಲಿ 15 ಭಾಷೆಗಳಿಗೆ ಬೇರೆ ಜಾಗ ಸಿಕ್ಕಿದೆ. ಮೇಷ್ಟ್ರ ಆಳೆತ್ತರದ ಪೋಸ್ಟರ್‌ನಲ್ಲಿ ಒಂದು ಗಂಟೆಗೆ ಜಾಗವಿರಲಿಲ್ಲ.

ಅವರಿಗೆ ಒಪ್ಪಿಗೆಯಾಯಿತು. ಆದರೆ ತಂದಿದ್ದು ಜೆಪಿಇಜಿ ಕಡತ. ಹಳೆಯ ಅಕ್ಷರ ಕೀಳಲು ಬರುವಂತಿಲ್ಲ, ರಥದ ಫೋಟೊ ಹೊಸದಾಗಿ ಹುಡುಕಬೇಕಾಯಿತು. ಉಚಿತವಾಗಿ ಬಳಸಬಹುದಾದ ಚಿತ್ರಗಳ ತಾಣವಾದ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಆಕಾಶ ಹೆಚ್ಚಾಗಿರುವ ಒಂದನ್ನು ಆರಿಸಿ, ರಥವನ್ನು ಕೆಳಕ್ಕೆ ಸರಿಸಿದೆ. ಮೇಲಿನ ಖಾಲಿ ಆಕಾಶದಲ್ಲಿ ಏನು, ಯಾವಾಗ, ಎಲ್ಲಿ, ಈ ಮೂರೇ ಸಂಗತಿ. ಮೇಷ್ಟ್ರು ಎಲ್ಲಕ್ಕೂ ತಲೆಯಾಡಿಸಿದರು, ಹೆಸರುಗಳ ಹತ್ತಿರ ಬಂದಾಗ ಮಾತ್ರ ಜಗ್ಗಲಿಲ್ಲ. "ಹೆಸರು ಬಿಟ್ಟರೆ ಮುಂದಿನ ಸಲ ಚಂದಾ ಕೊಡುವವರು ಯಾರಮ್ಮ?" ನ್ಯಾಯವಾದ ಪ್ರಶ್ನೆ. ಅಡಿಯಲ್ಲಿ ಒಂದು ಸಾದಾ ಪಟ್ಟಿ ಎಳೆದು ಅಷ್ಟೂ ಹೆಸರುಗಳನ್ನು ಅಲ್ಲಿ ಕೂರಿಸಿದೆವು. ದಾನಿಗಳಿಗೂ ಸಮಾಧಾನ, ರಥಕ್ಕೂ ಸಮಾಧಾನ.

ನಿಮ್ಮ ಚಿತ್ರದಲ್ಲಿ ಆಕಾಶವೇ ಇಲ್ಲದಿದ್ದರೆ? ಗೋಡೆ, ನೀರು, ನೆಲ, ಏನಾದರೂ ಬರಿದಾದ ಜಾಗ ಹುಡುಕಿ. ಅದೂ ಇಲ್ಲದಿದ್ದರೆ ಅಕ್ಷರದ ಹಿಂದೆ ಒಂದು ಬಣ್ಣದ ಚೌಕ ಇಡಿ. ಚಿತ್ರ ಪೂರ್ತಿ ಮುಚ್ಚಿಹೋಗುತ್ತದೆ ಎನಿಸಿದರೆ ಚೌಕವನ್ನು ತುಸು ಪಾರದರ್ಶಕ ಮಾಡಿ. ದಯವಿಟ್ಟು ಅಂಚು, ನೆರಳು, ಹೊಳಪು ಎಂದು ಹೊರಡಬೇಡಿ. ಜಾಗವಿಲ್ಲದ ಕಡೆ ಅಕ್ಷರಕ್ಕೆ ಎಷ್ಟು ಅಲಂಕಾರ ಮಾಡಿದರೂ ಓದಲಾಗುವುದಿಲ್ಲ.

ಬಣ್ಣದ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬಾರದು. ನಮಗೆ ಅರಿಶಿನ ಕುಂಕುಮದ ಬಣ್ಣದ ಮೇಲೆ ಪ್ರೀತಿ, ಇರಲಿ. ಆದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರಕ್ಕೆ ಒಂದು ಅಳತೆಯಿದೆ. ವೆಬ್ ಪುಟಗಳ ಮಾನದಂಡದ ಪ್ರಕಾರ ಸಣ್ಣ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು ಇಟ್ಟರೆ ಸಿಗುವುದು ಸುಮಾರು 3.7. ತಲೆಬರಹಕ್ಕೆ ಸಾಕು, ವಿಳಾಸಕ್ಕೆ ಸಾಲದು. ಅದೇ ಕೆಂಪನ್ನು ಕಂದುಗೆಂಪಿನವರೆಗೆ ಗಾಢ ಮಾಡಿ, ಅಂತರ 10 ದಾಟುತ್ತದೆ, ಬಾವುಟದ ಬಣ್ಣವೂ ಉಳಿಯುತ್ತದೆ. ಹಸಿರಿನ ಮೇಲೆ ಕೆಂಪು ಮಾತ್ರ ಬೇಡವೇ ಬೇಡ.

ನನ್ನ ಸಮಯದಲ್ಲಿ ಅರ್ಧವನ್ನು ಮೇಷ್ಟ್ರೇ ತೆಗೆದುಕೊಂಡರು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಾಲಿನಿಂದ ಸಾಲಿಗೂ ಜಾಗ ಬಿಡಿ. ಸಿದ್ಧ ಮಾದರಿಗಳು ಇಂಗ್ಲಿಷ್‌ಗೆಂದು ಮಾಡಿದವು, ಅವರ ಅಕ್ಷರಕ್ಕೆ ಒತ್ತಿಲ್ಲ. ನಮ್ಮ 'ರಾಷ್ಟ್ರೀಯ'ದ ಒತ್ತು ಕೆಳಗಿಳಿದು ಕೆಳಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಸಾಲುಗಳ ಅಂತರವನ್ನು ಕೈಯಾರೆ ಹೆಚ್ಚಿಸಿ.

ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪು ಮಾಡಿದ್ದನ್ನು ತಂದು ಅಂಟಿಸಿದರೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯುನಿಕೋಡ್‌ನಲ್ಲಿ ಟೈಪು ಮಾಡಿ. ಬಲೂ ತಮ್ಮ, ಅನೇಕ್ ಕನ್ನಡ, ನೋಟೊ ಸಾನ್ಸ್ ಕನ್ನಡ, ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಅಚ್ಚಿಗೂ ಬಳಸಬಹುದು. ಒಂದು ಪೋಸ್ಟರ್‌ಗೆ ಎರಡು ಫಾಂಟ್ ಮೀರಬೇಡಿ.

ಕಾಮನ್ಸ್‌ನ ಚಿತ್ರ ಬಳಸಿದರೆ ಅದರ ಪುಟದಲ್ಲಿರುವ ಷರತ್ತು ಓದಿ, ಕೇಳಿದ್ದರೆ ಛಾಯಾಗ್ರಾಹಕರ ಹೆಸರನ್ನು ಮೂಲೆಯಲ್ಲಿ ಹಾಕಿ.

ಎ4 ಅಳತೆಯ ಅಚ್ಚಿಗೆ 2480ಕ್ಕೆ 3508 ಪಿಕ್ಸೆಲ್ ಎಂದು ಶುರುವಿನಲ್ಲೇ ಕೊಡಿ, ಕೊನೆಯಲ್ಲಿ ಹಿಗ್ಗಿಸಿದರೆ ಮಸುಕಾಗುತ್ತದೆ. ಕ್ಯಾನ್ವಾದಲ್ಲಿ ತಿದ್ದುವ ಪ್ರತಿ ನಿಮ್ಮ ಖಾತೆಯಲ್ಲೇ ಉಳಿಯುತ್ತದೆ. ಫೋಟೊಪಿಯಾದಲ್ಲಿ ಮಾತ್ರ ಪದರಗಳನ್ನು ಬೇರೆಯಾಗಿಯೇ ಇಡುವ ಪಿಎಸ್‌ಡಿ ಕಡತವಾಗಿ ನೀವೇ ಉಳಿಸಿಕೊಳ್ಳಬೇಕು. ಹಂಚಲು ಪಿಎನ್‌ಜಿ ಮಾಡಿ. ಮುದ್ರಣಾಲಯಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಫೋಟೊ ಎಂದು ಕಳುಹಿಸಬೇಡಿ, ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿ. ಕಳುಹಿಸುವ ಮೊದಲು ಮನೆಯಲ್ಲಿ ಕನ್ನಡಕ ಹಾಕುವವರ ಕೈಗೆ ಕನ್ನಡಕವಿಲ್ಲದೆ ಮೊಬೈಲ್ ಕೊಟ್ಟು, ಕಾರ್ಯಕ್ರಮ ಎಷ್ಟು ಗಂಟೆಗೆ ಎಂದು ಕೇಳಿ. ಅವರು ತಡವರಿಸಿದರೆ ಅಚ್ಚಿಗೆ ಕೊಡಬೇಡಿ. ನಮಸ್ಕಾರ.